ಬುಡಬುಡಿಕೆಗೆ ಕಾಣದ ಅಕ್ಕ

ನಮ್ಮ ಯಂತ್ರಕ್ಕೆ ಕಾಗದಪತ್ರಗಳಲ್ಲಿ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿದ್ದುದರಿಂದ ಪ್ರಯೋಗಾಲಯದಲ್ಲಿ ನಾವೆಲ್ಲ ಅದನ್ನು ಬುಡಬುಡಿಕೆ ಎಂದೇ ಕರೆಯುತ್ತಿದ್ದೆವು. ಬೆಳ್ಳಂಬೆಳಗ್ಗೆ ಮನೆ ಮುಂದೆ ನಿಂತು ಶಕುನ ಹೇಳುವ ಬುಡಬುಡಿಕೆಯವನು ಎಲ್ಲರಿಗೂ "ಶುಭವಾಗ್ತದೆ" ಎಂದೇ ಹೇಳಿ ಹಳೇ ಸೀರೆ ಕೇಳಿಕೊಂಡು ಹೋಗುತ್ತಾನೆ. ನಮ್ಮದಕ್ಕೆ ಆ ಸೌಜನ್ಯ ಇರಲಿಲ್ಲ.

ಅದರ ಕೆಲಸ ಇಷ್ಟೇ. ನಮ್ಮ ದೇಶದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಎಂಟು ವೃತ್ತಿಪರ ತಂಡಗಳು. ವರ್ಷಕ್ಕೊಮ್ಮೆ ಈ ತಂಡಗಳೆಲ್ಲ ಒಂದೆಡೆ ಸೇರಿ, ಆ ವರ್ಷ ಕಾಲೇಜು ಮುಗಿಸಿದ ಹುಡುಗಿಯರಲ್ಲಿ ತಮಗೆ ಬೇಕಾದವರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮೂರು ಸುತ್ತು, ಇಪ್ಪತ್ತನಾಲ್ಕು ಹುಡುಗಿಯರು. ಉಳಿದವರು ಮನೆಗೆ. ಯಾರು ಒಳಗೆ, ಯಾರು ಮನೆಗೆ ಎಂಬುದನ್ನು ಬುಡಬುಡಿಕೆ ಮೊದಲೇ ಹೇಳುತ್ತಿತ್ತು. ಶುರುವಿನ ವರ್ಷ ನಾಲ್ಕು ಹೆಸರು ತಪ್ಪಿತು, ಮರುವರ್ಷ ಎರಡು. ಆಮೇಲೆ ತಪ್ಪಲೇ ಇಲ್ಲ.

ಜನ ತಿಳಿದಂತೆ ಅದು ಆಟಗಾರ್ತಿಯರನ್ನು ಅಳೆಯುತ್ತಿರಲಿಲ್ಲ. ಅಂಕಣದ ಮೇಲೆ ತೂಗುಬಿಟ್ಟ ಕ್ಯಾಮೆರಾಗಳಿಂದ ಹುಡುಗಿಯರ ಪ್ರತಿ ನಡೆಯನ್ನೂ ನೋಡುತ್ತಿತ್ತು, ನಿಜ. ಆದರೆ ಅದರ ಗುಟ್ಟು ಬೇರೆ. ಗ್ಯಾಲರಿಯಲ್ಲಿ ಕೂತು ಹುಡುಗಿಯರನ್ನು ನೋಡಲು ಬರುವ ತಂಡಗಳ ಪರೀಕ್ಷಕರಿಗೆ ಲೀಗಿನವರು ಒಂದೊಂದು ಕನ್ನಡಕ ಕೊಟ್ಟಿದ್ದರು. ಅವರ ಕಣ್ಣು ಯಾರ ಹಿಂದೆ ಹೋಯಿತು, ಎಲ್ಲಿ ನಿಂತಿತು, ಯಾವಾಗ ಬೇಸತ್ತು ಮೊಬೈಲಿನ ಕಡೆ ತಿರುಗಿತು ಎಲ್ಲವೂ ಬುಡಬುಡಿಕೆಗೆ ಗೊತ್ತಾಗುತ್ತಿತ್ತು. ಹೆಣ್ಣು ನೋಡುವ ಶಾಸ್ತ್ರದ ಲೆಕ್ಕದಲ್ಲಿ ಹೇಳುವುದಾದರೆ, ಹುಡುಗಿ ಹೇಗಿದ್ದಾಳೆ ಎಂದು ಅದು ಹೇಳುತ್ತಿರಲಿಲ್ಲ, ಗಂಡಿನ ಕಡೆಯವರು ಒಪ್ಪುತ್ತಾರೋ ಇಲ್ಲವೋ ಎಂದು ಹೇಳುತ್ತಿತ್ತು. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ಎಲ್ಲ ಹೆಂಗಸರಿಗೂ ಗೊತ್ತು. ನಾನೂ ನಾಲ್ಕಾರು ಸಲ ನಿಂತವಳೇ. ಆಮೇಲೆ ಸಾಕೆನಿಸಿ ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದೆ, ಆರಾಮಾಗಿದ್ದೇನೆ.

ನನ್ನ ಹೆಸರು ವತ್ಸಲಾ. ಮೈಸೂರಿನಲ್ಲಿ ಅಣ್ಣನ ಮನೆಯಲ್ಲೇ ನನ್ನ ವಾಸ. ಅಣ್ಣ ನಾಗಭೂಷಣ, ಅತ್ತಿಗೆ ಜಲಜಾ, ಅವರ ಮೂರನೆಯ ಮಗಳು ಇಂಚರ. ಮೊದಲಿನ ಇಬ್ಬರಿಗೆ ಮದುವೆಯಾಗಿದೆ. ಇಂಚರ ನಮ್ಮ ಮನೆಯ ಕೊನೆಯವಳು, ಆರಡಿಗೆ ಒಂದೇ ಒಂದು ಅಂಗುಲ ಕಡಿಮೆ, ಕಾಲೇಜು ತಂಡದ ಆಟಗಾರ್ತಿ. ನಮ್ಮ ಊಟದ ಮನೆಯಲ್ಲಿ ಅವಳ ಜೊತೆಗೆ ಇನ್ನೊಬ್ಬಳು ಹುಡುಗಿ ಖಾಯಂ ಇರುತ್ತಿದ್ದಳು. ತಂಡದ ನಾಯಕಿ ನಸೀಮಾ. ಇಂಚರಳಿಗಿಂತ ಒಂದು ವರ್ಷ ದೊಡ್ಡವಳು, ಇವಳ ಬಾಯಲ್ಲಿ ಯಾವಾಗಲೂ ಅಕ್ಕ; ಮೊಣಕಾಲಿನ ಆಪರೇಷನ್ನಿನಿಂದ ಒಂದು ವರ್ಷ ಹಿಂದೆ ಬಿದ್ದು ಇವಳ ಜೊತೆಗೇ ಕಾಲೇಜು ಮುಗಿಸುತ್ತಿದ್ದಳು. ನಮ್ಮತ್ತಿಗೆಯ ಹುರುಳಿಕಾಳಿನ ಬಸ್ಸಾರು ಎಂದರೆ ಅವಳಿಗೆ ಪ್ರಾಣ.

ಆ ವರ್ಷದ ಡ್ರಾಫ್ಟಿಗೆ ಇಬ್ಬರೂ ಅರ್ಹರಾಗಿದ್ದರು. ಅಷ್ಟರಲ್ಲಿ ಇಂಚರಳಿಗೆ ರೈಲ್ವೆಯಿಂದ ಕ್ರೀಡಾ ಕೋಟಾದಲ್ಲಿ ಕೆಲಸದ ಆದೇಶ ಬಂತು. ಇದ್ದದ್ದು ಒಂದೇ ಹುದ್ದೆ. ಆಟದಲ್ಲಿ ಇಬ್ಬರೂ ಸಮ ಬಂದು, ಲಿಖಿತ ಪರೀಕ್ಷೆಯಲ್ಲಿ ಇಂಚರ ಚೂರು ಮುಂದಿದ್ದಳು. ಅವಳು ಬೇಡವೆಂದರೆ ಅದು ನಸೀಮಾಗೆ. ಸೋಮವಾರದೊಳಗೆ ಒಪ್ಪಿಗೆ ಕೊಡಬೇಕು. ಒಪ್ಪಿದರೆ ಡ್ರಾಫ್ಟಿಗೆ ನಿಲ್ಲುವ ಹಾಗಿಲ್ಲ. ಒಪ್ಪದೆ ಡ್ರಾಫ್ಟಿನಲ್ಲೂ ಯಾರೂ ಕರೆಯದಿದ್ದರೆ ಎರಡೂ ಇಲ್ಲ.

"ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?" ಎಂದ ಅಣ್ಣ. "ಪರ್ಮನೆಂಟ್ ಕೆಲಸ, ಮನೆ ಪಕ್ಕದಲ್ಲೇ ಆಫೀಸು."

ಇಂಚರ ನನ್ನ ಕಡೆ ನೋಡಿದಳು. "ಅತ್ತೆ, ನಿಮ್ ಬುಡಬುಡಿಕೆ ಏನನ್ನುತ್ತೆ?"

"ಹೇಳೋ ಹಾಗಿಲ್ಲ ಪುಟ್ಟಿ. ಸಹಿ ಹಾಕಿದೀನಿ."

ಡ್ರಾಫ್ಟಿನ ದಿನದವರೆಗೆ ತಂಡಗಳಿಗಾಗಲಿ ಮನೆಯವರಿಗಾಗಲಿ ಅಂಕಿ ತಿಳಿಯಬಾರದು ಎಂಬುದು ಲೀಗಿನ ಕಟ್ಟುನಿಟ್ಟಿನ ನಿಯಮ. ತಿಳಿದರೆ ತಂಡಗಳು ಅಂಕಿಯನ್ನೇ ನೋಡಿ ಆರಿಸತೊಡಗುತ್ತವೆ, ಆಮೇಲೆ ಯಂತ್ರ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುವ ನಾಯಿಯಾಗುತ್ತದೆ. ನಿಯಮ ಸರಿಯಾದದ್ದೇ. ಆದರೆ ಮನೆಮಗಳು ಕೇಳಿದಾಗ ಸರಿಯಾದ ನಿಯಮವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಾರನೆಯ ದಿನ ಪ್ರಯೋಗಾಲಯಕ್ಕೆ ಹೋದವಳೇ ಅವಳ ಪುಟ ತೆರೆದೆ. ಆಯ್ಕೆಯಾಗುವ ಸಾಧ್ಯತೆ ಶೇಕಡಾ ಒಂಬತ್ತು. ನಸೀಮಾಗೆ ಅರವತ್ತೊಂದು.

ನನಗೆ ಸಿಟ್ಟು ಬಂತು. ನಮ್ಮ ಹುಡುಗಿ ಎಂದು ಹೇಳುತ್ತಿಲ್ಲ, ಇಂಚರಳ ಕೈ ಅಂಥದ್ದು. ಅಭ್ಯಾಸದಲ್ಲಿ ಅವಳು ಎಸೆದ ಚೆಂಡು ರಿಂಗನ್ನು ತಾಗದೆ ಬಲೆಗೆ ಬೀಳುವುದನ್ನು ಎಷ್ಟು ಸಲ ನೋಡಿದ್ದೇನೆ. ಒಂಬತ್ತು ಎಲ್ಲಿಂದ ಬಂತು? ಇಡೀ ಮಧ್ಯಾಹ್ನ ಅವಳ ಪಂದ್ಯಗಳನ್ನು ತುಂಡು ತುಂಡು ಮಾಡಿ ಯಂತ್ರಕ್ಕೆ ತಿನ್ನಿಸಿದೆ. ಯಾವ ತುಂಡಿನಲ್ಲಿ ಅಂಕಿ ಇಳಿಯುತ್ತದೆ, ಯಾವುದರಲ್ಲಿ ಏರುತ್ತದೆ ಎಂದು ನೋಡುವುದು ನಮ್ಮಲ್ಲಿ ಮಾಮೂಲಿ ವಿಧಾನ.

ಒಂದು ತುಂಡಿನಲ್ಲಿ ಅಂಕಿ ಐವತ್ತೆಂಟಕ್ಕೆ ನೆಗೆಯಿತು. ಯಂತ್ರ ಕೆಟ್ಟಿತೇ ಎಂದುಕೊಂಡೆ. ಆ ಪಂದ್ಯದಲ್ಲಿ ನಸೀಮಾ ಐದು ಫೌಲ್ ಮಾಡಿ ಹೊರಗೆ ಹೋಗಿದ್ದಳು. ಇದು ಅದರ ನಂತರದ ಆಟ. ಹಾಗೇ ಹುಡುಕಿದೆ. ನಸೀಮಾ ನೀರು ಕುಡಿಯಲು ಹೋದಾಗ ಇಂಚರ ಏರುತ್ತಾಳೆ, ನಸೀಮಾ ಬಂದ ಕೂಡಲೇ ಇಳಿಯುತ್ತಾಳೆ.

ವಿಡಿಯೋ ನಿಧಾನ ಮಾಡಿ ನೋಡಿದೆ. ಚೆಂಡು ಇಂಚರಳ ಕೈಯಲ್ಲಿದೆ, ಎದುರಿಗೆ ಯಾರೂ ಇಲ್ಲ, ರಿಂಗ್ ಕರೆಯುತ್ತಿದೆ. ಅವಳ ಕಣ್ಣು ಮೊದಲು ನಸೀಮಾ ಕಡೆ ಹೋಗುತ್ತದೆ. ಅಕ್ಕ ಎಲ್ಲಿದ್ದಾಳೆ ಎಂದು ನೋಡಿ, ಅವಳಿಗೆ ಚೆಂಡು ಕೊಟ್ಟುಬಿಡುತ್ತಾಳೆ. ಅಕ್ಕ ಇರುವಾಗ ತಾನು ಹೊಡೆಯುವುದೇ?

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ದೀಪದ ಬುಡದಲ್ಲೇ ಕತ್ತಲು. ನಮ್ಮ ಮನೆಯಲ್ಲಿ ಹೊಸ ಬಟ್ಟೆ ಬಂದರೆ ಮೊದಲು ದೊಡ್ಡವಳು ಆರಿಸಿಕೊಳ್ಳಬೇಕು, ಮಾವಿನ ಹಣ್ಣು ಹೆಚ್ಚಿದರೆ ಕೆನ್ನೆ ಅಕ್ಕಂದಿರಿಗೆ, ಓಟೆ ಇಂಚರಳಿಗೆ. "ಅಕ್ಕ ತಗೊಂಡ್ಲಾ? ಆಮೇಲೆ ನೀನು" ಎನ್ನುವುದನ್ನು ಹಾಲಿನ ಜೊತೆಗೇ ಕುಡಿಸಿ ಬೆಳೆಸಿದ್ದೇವೆ. ನಾನೂ ಮನೆಯ ಕೊನೆಯವಳೇ. ಆದರೂ ಯಂತ್ರ ಕಟ್ಟುವಾಗ ಈ ಒಂದು ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ.

ನಿರ್ದೇಶಕರಾದ ಡಾ. ಅಯ್ಯಣ್ಣನವರ ಕೋಣೆಗೆ ಓಡಿದೆ. ಅವರು ವಿಡಿಯೋ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಆತ್ಮವಿಶ್ವಾಸ ಇಲ್ಲ ಅಂತ ಲೆಕ್ಕ ಹಾಕಿದೆ ಯಂತ್ರ."

"ಅದು ಆತ್ಮವಿಶ್ವಾಸ ಇಲ್ಲದ್ದಲ್ಲ ಸಾರ್, ಬೆಳೆಸಿದ ರೀತಿ. ಇದನ್ನ ಸರಿ ಮಾಡ್ಬೇಕು."

"ಏನನ್ನ ಸರಿ ಮಾಡ್ತೀರಾ ವತ್ಸಲಾ? ತಂಡಗಳ ಪರೀಕ್ಷಕರು ಅರ್ಧ ಜನ ಹೊರದೇಶದವರು. ಅವರೂ ಹಾಗೇ ತಿಳ್ಕೋತಾರೆ. ಈ ಹುಡುಗಿಗೆ ಧೈರ್ಯ ಇಲ್ಲ ಅಂತ ಮೊಬೈಲ್ ನೋಡ್ತಾರೆ. ಯಂತ್ರ ಹೇಳ್ಬೇಕಾದ್ದು ಅವರು ಏನ್ ಮಾಡ್ತಾರೆ ಅಂತ. ಅದನ್ನ ಸರಿಯಾಗೇ ಹೇಳ್ತಿದೆ."

ಯಂತ್ರ ಸರಿಯಾಗಿತ್ತು, ಜಗತ್ತು ತಪ್ಪಾಗಿತ್ತು, ನನಗೆ ಸಂಬಳ ಕೊಡುತ್ತಿದ್ದುದು ಯಂತ್ರಕ್ಕೆ.

ಅಯ್ಯಣ್ಣನವರು ನಕ್ಕರು. "ನಾನು ಇವತ್ತಿಗೂ ನಮ್ಮಣ್ಣನ ಮುಂದೆ ಕಾಲ್ ಮೇಲೆ ಕಾಲ್ ಹಾಕಿ ಕೂರಲ್ಲ ಕಣ್ರೀ. ನನ್ನನ್ನೂ ಯಾರೂ ಡ್ರಾಫ್ಟ್ ಮಾಡ್ತಿರ್ಲಿಲ್ಲ."

ಅಂಕಿ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೆ. ಊಟಕ್ಕೆ ಕೂತಾಗ ಬಾಯಿ ತೆರೆಯುವುದಿಲ್ಲ ಎಂದೇನೂ ಹಾಕಿರಲಿಲ್ಲ. ಆ ಸಂಜೆ ಅತ್ತಿಗೆ ಮುದ್ದೆ ಬಡಿಸುತ್ತಿದ್ದರು. ಮೊದಲು ಅಣ್ಣನಿಗೆ, ಆಮೇಲೆ ನನಗೆ, ಆಮೇಲೆ ನಸೀಮಾಗೆ, ಕೊನೆಗೆ ಇಂಚರಳಿಗೆ.

"ಇವಳಿಗೆ ಯಾವಾಗ್ಲೂ ಕೊನೇಲೇ ಯಾಕೆ ಅತ್ತಿಗೆ?" ಎಂದೆ.

"ಚಿಕ್ಕವಳಲ್ವೇನೇ? ಏನಿವತ್ತು ಹೊಸದಾಗಿ ಕೇಳ್ತಿದೀಯ?"

"ಏನಿಲ್ಲ. ಆಟದಲ್ಲೂ ಹಿಂಗೇ ಅಲ್ವಾ ಅನ್ನಿಸ್ತು. ಕೈಯಲ್ಲಿ ಚೆಂಡಿದ್ರೂ ಅಕ್ಕನಿಗೆ ಬಡಿಸ್ಬಿಟ್ಟು ಇವಳು ನಿಂತ್ಕೋತಾಳೆ. ನಮಗೆ ಅದು ಮರ್ಯಾದೆ ಅಂತ ಗೊತ್ತು. ಮೇಲೆ ಕೂತು ನೋಡೋರಿಗೆ ಹೆದ್ರಿಕೆ ಹಂಗೆ ಕಾಣುತ್ತೆ."

ಇಂಚರ ತಟ್ಟೆ ನೋಡುತ್ತ, "ಅಕ್ಕ ನನಗಿಂತ ಚೆನ್ನಾಗ್ ಹೊಡೀತಾಳೆ ಅತ್ತೆ, ಅದಕ್ಕೇ" ಎಂದಳು. ನಸೀಮಾ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು, ಆಮೇಲೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.

ಭಾನುವಾರ ಅಂತರ ವಿಶ್ವವಿದ್ಯಾಲಯ ಟೂರ್ನಿಯ ಫೈನಲ್. ಎಂಟೂ ತಂಡಗಳ ಪರೀಕ್ಷಕರು ಕನ್ನಡಕ ಧರಿಸಿ ಗ್ಯಾಲರಿಯಲ್ಲಿ ಕೂತಿದ್ದರು. ನಾನು ಕ್ರೀಡಾಂಗಣದ ನಿಯಂತ್ರಣ ಕೊಠಡಿಯಲ್ಲಿ ಗಾಜಿನ ಹಿಂದೆ ಕೂತಿದ್ದೆ. ಆಟ ಶುರುವಾಯಿತು. ಇಂಚರ ಮಾಮೂಲಿನಂತೆ ಚೆಂಡನ್ನು ನಸೀಮಾಗೆ ಕೊಟ್ಟಳು. ನಸೀಮಾ ಅದನ್ನು ಅವಳಿಗೇ ವಾಪಸ್ ಕೊಟ್ಟಳು.

ಮತ್ತೆ ಕೊಟ್ಟಳು, ಮತ್ತೆ ವಾಪಸ್ ಬಂತು. ರಿಂಗಿನ ಕೆಳಗೆ ಒಬ್ಬಳೇ ನಿಂತಿದ್ದರೂ ನಸೀಮಾ ಹೊಡೆಯಲಿಲ್ಲ. ಗಾಜಿನ ಹಿಂದಿದ್ದ ನನಗೆ ಮಾತು ಕೇಳಿಸುತ್ತಿರಲಿಲ್ಲ, ಬುಡಬುಡಿಕೆಗಂತೂ ಕಿವಿಯೇ ಇಲ್ಲ. ಆದರೆ ನಸೀಮಾಳ ತುಟಿ ಆಡಿದ್ದು ಕಂಡಿತು. ಅವಳು ಏನು ಹೇಳಿದಳೆಂದು ಇಂಚರ ಆಮೇಲೆ ಹೇಳಿದಳು: "ನಾನ್ ನಿನ್ನ ಅಕ್ಕ ತಾನೆ? ಅಕ್ಕ ಹೇಳ್ತಿದೀನಿ, ಹೊಡಿ. ಇನ್ನೊಂದ್ ಸಲ ನಂಗ್ ಕೊಟ್ರೆ ಕಪಾಳಕ್ಕೆ ಬಾರಿಸ್ತೀನಿ."

ಅಕ್ಕನ ಮಾತು ಮೀರುವುದುಂಟೇ? ಹೊಡೆದಳು. ತಪ್ಪಿತು. ಎರಡನೆಯದೂ ತಪ್ಪಿತು, ಮೂರನೆಯದು ರಿಂಗಿನ ಅಂಚಿಗೆ ಬಡಿದು ಹೊರಗೆ ಹಾರಿತು. ಅವರ ಕೋಚ್ ಲೋಬೋ ಸರ್ ತಲೆಯ ಮೇಲೆ ಕೈಯಿಟ್ಟುಕೊಂಡರು. ತಂಡ ಹಿಂದೆ ಬೀಳುತ್ತಿತ್ತು. ನನಗೆ ಊಟದ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎನಿಸಿತು. ನಾಲ್ಕನೆಯದು ಬಿತ್ತು. ಬಲೆ ಅಲುಗಿದ ಮೇಲೆ ಇಂಚರ ನಿಂತಲ್ಲೇ ನಿಂತು ತನ್ನ ಅಂಗೈ ನೋಡಿಕೊಂಡಳು. ಅಲ್ಲಿಂದ ಆಟ ಮುಗಿಯುವವರೆಗೆ ಅವಳನ್ನು ಹಿಡಿಯುವವರಿರಲಿಲ್ಲ. ಕೊನೆಗೆ ಎರಡು ಅಂಕಗಳಿಂದ ಸೋತರು. ಆ ಮೊದಲ ಮೂರು ತಪ್ಪೇ ಮುಳುವಾಗಿತ್ತು. ಸೋತ ತಂಡದ ಇಬ್ಬರು ಹುಡುಗಿಯರು ಮಾತ್ರ ಗೆದ್ದವರಿಗಿಂತ ಜೋರಾಗಿ ನಗುತ್ತ ಹೊರಬಂದರು.

ಪರದೆಯ ಮೇಲೆ ಅಂಕಿಗಳು ಬದಲಾದವು. ಇಂಚರ ಮೂವತ್ತೊಂದು. ನಾಲ್ಕು ವರ್ಷದ ಅಭ್ಯಾಸವನ್ನು ಒಂದು ಪಂದ್ಯ ಅಳಿಸುವುದಿಲ್ಲ. ಆದರೆ ನಸೀಮಾ? ರಿಂಗಿನ ಕೆಳಗೆ ನಿಂತು ಹೊಡೆಯದ ನಾಯಕಿಯನ್ನು ಗ್ಯಾಲರಿಯ ಕಣ್ಣುಗಳು ಕ್ಷಮಿಸಿರಲಿಲ್ಲ. ಅರವತ್ತೊಂದರಿಂದ ಐವತ್ತೆರಡಕ್ಕೆ ಇಳಿದಿದ್ದಳು. ಆ ಅಂಕಿ ನೋಡಿ ನನ್ನ ಸಂತೋಷ ಅರ್ಧಕ್ಕೇ ನಿಂತಿತು.

ಸೋಮವಾರ ಬೆಳಗ್ಗೆ ರೈಲ್ವೆಯ ಪತ್ರ ಮೇಜಿನ ಮೇಲಿತ್ತು. ಇಂಚರ ಕೂತು, "ಅಪ್ಪ, ನಾನು ಡ್ರಾಫ್ಟಿಗೆ ನಿಲ್ತೀನಿ" ಎಂದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀತಿದಾಳೆ ನೋಡು" ಎಂದ ಅಣ್ಣ. "ಅವ್ರು ಕರೀಲಿಲ್ಲ ಅಂದ್ರೆ?"

ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ, "ಇದೆಲ್ಲ ಆ ನಸೀಮಾ ತಲೆ ತುಂಬಿರೋದು. ಅವಳಿಗೇನು, ಇವಳು ಬಿಟ್ರೆ ಕೆಲಸ ಅವಳಿಗೇ ಸಿಗುತ್ತೆ" ಎಂದರು.

"ಅಮ್ಮಾ!"

ಇಂಚರ ದನಿ ಏರಿಸಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅವಳಿಗೇ ಗಾಬರಿಯಾಗಿ ದನಿ ತಗ್ಗಿಸಿದಳು. "ನಿನ್ನೆ ಅವಳು ತನ್ನ ಆಟ ಹಾಳ್ಮಾಡ್ಕೊಂಡ್ಲು ಅಮ್ಮ, ನನಗೋಸ್ಕರ. ಎಲ್ರೂ ನೋಡ್ತಿದ್ರು." ಆಮೇಲೆ ನನ್ನ ಕಡೆ ತಿರುಗಿದಳು. "ಅತ್ತೆ, ನೀವು ನಂಬರ್ ಹೇಳ್ಬೇಡಿ. ಮೊದ್ಲು ಕೇಳಿದ್ದೆ, ಈಗ ಬೇಡ. ನಿನ್ನೆ ಚೆಂಡು ನನ್ನ ಕೈಯಲ್ಲೇ ಇತ್ತು, ನಾನೇ ಹೊಡ್ದೆ. ಅದು ನನಗೆ ಇನ್ನೂ ಬೇಕು. ಅಷ್ಟೇ."

ನನಗೆ ಬೇಕು ಎಂಬ ಮಾತು ಆ ಹುಡುಗಿಯ ಬಾಯಿಂದ ಬಂದದ್ದು ಅದೇ ಮೊದಲು. ಅಣ್ಣ ಪತ್ರವನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಆಚೆ ಹೋದ. ಬೈಯಲಿಲ್ಲ. ಮೂವತ್ತೊಂದು ಎಂಬ ಅಂಕಿ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನೂರರಲ್ಲಿ ಅರವತ್ತೊಂಬತ್ತು ಪಾಲು ಅವಳು ಬರಿಗೈಯಲ್ಲಿ ಬರುತ್ತಾಳೆ ಎಂದು ತಿಳಿದೂ ನಾನು ಕಾಫಿ ಕುಡಿದೆ.

ಡ್ರಾಫ್ಟ್ ನಡೆದದ್ದು ಬೆಂಗಳೂರಿನ ದೊಡ್ಡ ಸಭಾಂಗಣದಲ್ಲಿ, ಮಧ್ಯಾಹ್ನ. ವೇದಿಕೆಯ ಪಕ್ಕದ ಕೋಣೆಯಲ್ಲಿ ನಾನು, ಅಯ್ಯಣ್ಣನವರು ಮತ್ತು ಬುಡಬುಡಿಕೆ. ಕೆಳಗೆ ಹುಡುಗಿಯರು ಮನೆಯವರ ಜೊತೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಅಣ್ಣ, ಅತ್ತಿಗೆ, ಇಂಚರ, ಅವಳ ಪಕ್ಕ ನಸೀಮಾ. ಯಂತ್ರದ ಇಪ್ಪತ್ತನಾಲ್ಕು ಹೆಸರುಗಳು ನಮ್ಮ ಪರದೆಯ ಮೇಲಿದ್ದವು. ಕೊನೆಯ ಸುತ್ತಿನ ಐದನೆಯ ಜಾಗದಲ್ಲಿ ನಸೀಮಾ. ಇಂಚರ ಎಲ್ಲೂ ಇಲ್ಲ.

ಮೊದಲ ಸುತ್ತಿನಲ್ಲಿ ಎಂಟೂ ಹೆಸರು ಯಂತ್ರ ಹೇಳಿದಂತೆಯೇ ಬಂದವು. ಎರಡನೆಯ ಸುತ್ತಿನಲ್ಲೂ ಹಾಗೆಯೇ. ಅಯ್ಯಣ್ಣನವರು ಮೀಸೆ ತಿರುವುತ್ತಿದ್ದರು. ಮೂರನೆಯ ಸುತ್ತಿನ ಐದನೆಯ ಸರದಿ ಕಲ್ಲಿಕೋಟೆ ತಂಡದ್ದು. ಅವರ ಕೋಚ್ ಗಿರಿಜಾ ನಂಬಿಯಾರ್, ದಪ್ಪ ಧ್ವನಿಯ ಹೆಂಗಸು, ಮೈಕಿನ ಮುಂದೆ ಬಂದು ಚೀಟಿ ನೋಡದೆಯೇ ಹೇಳಿದರು: "ಇಂಚರ ನಾಗಭೂಷಣ. ಮೈಸೂರು."

ನಮ್ಮ ಪರದೆ ಕೆಂಪಗಾಯಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಐದು ವರ್ಷ ಹಗಲಿರುಳು ಸಾಕಿದ ಯಂತ್ರ ತಪ್ಪಿದ್ದಕ್ಕೆ ಇಷ್ಟು ಹಿಗ್ಗಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಆದರೆ ಕೆಳಗೆ ಇಂಚರ ಏಳಲಿಲ್ಲ. ಅಣ್ಣ ಅವಳ ಭುಜ ಹಿಡಿದು ಅಲುಗಿಸುತ್ತಿದ್ದ. ಅವಳು ನಸೀಮಾಳ ಕಡೆ ತಿರುಗಿ ಕಲ್ಲಾಗಿ ಕೂತಿದ್ದಳು. ಅಕ್ಕನ ಹೆಸರು ಇನ್ನೂ ಬಂದಿಲ್ಲ. ಅಕ್ಕ ಕೂತಿರುವಾಗ ತಾನು ಮೊದಲು ಹೋಗುವುದು ಹೇಗೆ? ನಿರೂಪಕ ಎರಡನೆಯ ಸಲ ಹೆಸರು ಕೂಗಿದ. ಸಭೆ ಗುಜುಗುಜು ಎಂದಿತು. ಬಂದ ಭಾಗ್ಯವನ್ನು ಇವಳು ಇಲ್ಲೂ ಬಡಿಸಿಬಿಡುತ್ತಾಳೆ ಎಂದು ಹೆದರಿದೆ.

ಆಗ ನಸೀಮಾ ಎದ್ದು ನಿಂತಳು. ಎಲ್ಲರಿಗಿಂತ ಮೊದಲು, ಒಬ್ಬಳೇ, ಚಪ್ಪಾಳೆ ತಟ್ಟುತ್ತ. ಚಿಕ್ಕವಳಿಗೆ ದೊಡ್ಡವಳು ಎದ್ದು ನಿಂತು ಗೌರವ ಕೊಟ್ಟಳಲ್ಲ, ಎಂಥ ಮನಸ್ಸು ಎಂದುಕೊಂಡೆ. ಇಂಚರ ಎದ್ದಳು. ವೇದಿಕೆ ಹತ್ತಿ ಕಲ್ಲಿಕೋಟೆ ತಂಡದ ಟೋಪಿಯನ್ನು ತಲೆಗಿಟ್ಟುಕೊಂಡಳು. ಇವಳೇ ಯಾಕೆ ಎಂದು ನಿರೂಪಕ ಕೇಳಿದ್ದಕ್ಕೆ ಗಿರಿಜಾ ನಂಬಿಯಾರ್, "ಮೂರು ತಪ್ಪಿದ ಮೇಲೂ ನಾಲ್ಕನೆಯದನ್ನು ಹೊಡೆದವಳು ನನಗೆ ಬೇಕು" ಎಂದರು. ಬುಡಬುಡಿಕೆ ಆ ಮೂರನ್ನೂ ತಪ್ಪಿನ ಲೆಕ್ಕಕ್ಕೆ ಹಾಕಿತ್ತು.

ಉಳಿದ ಮೂರು ಹೆಸರುಗಳಲ್ಲಿ ನಸೀಮಾ ಇರಲಿಲ್ಲ.

ಸಭೆ ಮುಗಿದ ಮೇಲೆ ಅವಳನ್ನು ಹುಡುಕಿಕೊಂಡು ಹೋದೆ. ಹೊರಗಿನ ಕ್ಯಾಂಟೀನಿನಲ್ಲಿ ಕೂತು ಬನ್ನು ತಿನ್ನುತ್ತಿದ್ದಳು. ಕಣ್ಣುಗಳು ಕೆಂಪಾಗಿದ್ದವು. ಪಕ್ಕದಲ್ಲಿ ಕೂತು ನಮ್ಮತ್ತಿಗೆ ಅವಳ ಬೆನ್ನು ಸವರುತ್ತಿದ್ದರು. ನನ್ನನ್ನು ಕಂಡು ಮುಜುಗರಪಟ್ಟು ಟೀ ತರಲು ಎದ್ದು ಹೋದರು.

"ನಸೀಮಾ, ಆ ಫೈನಲ್ಲಲ್ಲಿ ನೀನು ಹೊಡ್ದಿದ್ರೆ ಇವತ್ತು..."

"ಗೊತ್ತಿತ್ತು ಆಂಟಿ. ಊಟಕ್ಕೆ ಕೂತಾಗ ನೀವು ಹಂಗೆ ಹೇಳಿದ್ರಲ್ಲ, ಆಗ್ಲೇ ಗೊತ್ತಾಯ್ತು. ನಾಲ್ಕು ವರ್ಷ ಅವಳ ಪಾಲಿನ ಚೆಂಡೂ ನಾನೇ ಹೊಡ್ದಿದೀನಿ. ಒಂದಿನ ವಾಪಸ್ ಕೊಟ್ರೆ ಏನು ಹೋಯ್ತು?" ಮೂಗೊರೆಸಿಕೊಂಡಳು. "ಬೇಜಾರಾಗಿದೆ, ಇಲ್ಲ ಅನ್ನಲ್ಲ. ಬೆಳಗ್ಗೆ ರೈಲ್ವೆಯೋರು ಫೋನ್ ಮಾಡಿದ್ರು, ಇವತ್ತು ಆಗ್ಲಿಲ್ಲ ಅಂದ್ರೆ ನಾಳೆ ಬಾ ಅಂತ. ಹೋಗ್ತೀನಿ. ಅಲ್ಲೂ ಟೀಮ್ ಇದೆಯಲ್ಲ. ನನಗೆ ಪಿಂಚಣಿ ಬರುತ್ತೆ, ಅವಳಿಗೆ ಮೊಣಕಾಲು ನೋವು ಬರುತ್ತೆ. ನೋಡೋಣ ಯಾರು ಗೆಲ್ತಾರೆ ಅಂತ."

ನಕ್ಕೆವು. ನಗುವಾಗಲೂ ನನಗೆ ಅವಳ ಕೈ ಬಿಡಲು ಮನಸ್ಸಾಗಲಿಲ್ಲ. "ಆದ್ರೂ ತಾಯಿ, ನಿನ್ನ ಹೆಸರು ಬರದೇ ಇರುವಾಗ ಚಿಕ್ಕವಳಿಗೋಸ್ಕರ ಎದ್ದು ನಿಂತು ಗೌರವ ಕೊಟ್ಟೆಯಲ್ಲ, ಅದು ದೊಡ್ಡದು."

ನಸೀಮಾ ಬನ್ನಿನ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಗೌರವಾನಾ? ಅವಳು ಕಲ್ಲು ಕೂತಂಗೆ ಕೂತ್ಬಿಟ್ಟಿದ್ಲಲ್ಲ ಆಂಟಿ, ಹೇಳಿದ್ರೂ ಕೇಳ್ತಿರ್ಲಿಲ್ಲ. ಅಕ್ಕ ನಿಂತಿರೋವಾಗ ಅವಳು ಕೂತಿರೋಕಾಗುತ್ತಾ? ಅದಕ್ಕೇ ನಿಂತೆ."